ನೀವಿಬ್ಬರೂ ನೋಡಿದ್ದು ಒಂದ ಸಿನಿಮಾ ಅಲ್ಲವ್ವಾ

ವಿಜಯಪುರ

ಚಿ. ಕು. ಭಾಗ್ಯಾಗ ನಿಮ್ಮಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲಾರೂ ಆರಾಮ ಇದ್ದೀವಿ.

ಸಿದ್ಧೇಶ್ವರ ಜಾತ್ರಿ ಮುಗಿಸಿ ನೀ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುವಾಗ ನಿನ್ನ ತಮ್ಮ ಸಂಗು ಸ್ಟೇಷನ್ನಿಗೆ ಬರಲಿಲ್ಲ. ಯಾಕ ಅಂತ ನೀ ಕೇಳಲಿಲ್ಲ. ಹಿಂದಿನ ದಿನ ಯಾರು ಏನಂದ್ರು ಅನ್ನೂದನ್ನ ನಾ ಇಲ್ಲೆ ಮತ್ತ ಬರಿಯೂದಿಲ್ಲ, ನಿನಗೂ ನೆನಪದ, ಅವಂಗೂ ನೆನಪದ. ನೀ ಹೋದ ಮ್ಯಾಲ ಗೊತ್ತಾದ ಒಂದು ಸಂಗತಿ ಸಲುವಾಗಿ ಈ ಪತ್ರ. ಮಲಯಾಳಂ ಸೂಪರ್‌ಹೀರೋ ಸಿನಿಮಾ 'ಲೋಕಾ' ಬಗ್ಗೆ ಇಬ್ಬರೂ ಕೂತು ರೆಕಾರ್ಡ್ ಮಾಡಿದ್ದನ್ನ ನೀ ಮನಿ ಮಂದಿ ಗ್ರೂಪಿಗೆ ಹಾಕುವಾಗ ತಮ್ಮನ ಮಾತೆಲ್ಲಾ ಕತ್ತರಿಸಿ, "ನನಗಂತೂ ನಿದ್ದಿ ಬಂತು" ಅನ್ನೂದೊಂದ ಉಳಿಸಿದಿ. ಸೋದರಮಾವನಿಂದ ಹಿಡಿದು ಎಲ್ಲಾರೂ ನಗೂ ಚಿತ್ರ ಹಾಕ್ಯಾರ. ಅಂವ ಏನೂ ಹಾಕಿಲ್ಲ. ಮಾರನೇ ದಿನ ಗ್ರೂಪ್ ಬಿಟ್ಟಾನ.

ಕತ್ತರಿಸಿದ ಮಾತು ನಾ ಕೇಳೀನಿ, ಅವನ ಫೋನಿನ್ಯಾಗ ಪೂರ್ತಿ ಅದ. ಅಂವ ಹೇಳಿದ್ದು ಮೂರು ಮಾತು. ರಾತ್ರಿ ಸೀನಿನ್ಯಾಗ ಯಾರು ಯಾರಿಗೆ ಹೊಡದ್ರು ಕಾಣಲಿಲ್ಲ. ಮಾತು ಕೇಳಲಿ ಅಂತ ಆವಾಜ ಏರಿಸಿದ್ರ ಹೊಡೆದಾಟ ಬಂದ ಕೂಡ್ಲೆ ಕಿವಿ ಹರದು ಹೋತು. ನಾಯಕಿ ಚಂದ್ರಾ ಯಾರು ಅನ್ನೂ ಹಿಂದಿನ ಕತಿ ಬರೂತನಕಾ ಮನಸ್ಸು ನಿಲ್ಲಲಿಲ್ಲ. ನೀ ಇದಕ್ಕ "ನಿನಗ ಸಿನಿಮಾ ತಿಳಿಯೂದಿಲ್ಲ" ಅಂದಿ. ಮೊದಲಿನ ಎರಡು ಮಾತು ಸಿನಿಮಾದ ಮ್ಯಾಲಿನ ದೂರs ಅಲ್ಲವ್ವಾ, ಕೈಯಾಗಿನ ಫೋನಿನ ಮ್ಯಾಲಿನ ದೂರು. ಮೂರನೇದ್ದು ಖರೆ ಸಿನಿಮಾದ್ದು. ಅದರ ಮ್ಯಾಲ ನೀವು ತಾಸುಗಟ್ಟಲೆ ಜಗಳಾಡಬಹುದಿತ್ತು, ಆ ಜಗಳ ನಾನೂ ಕೂತು ಕೇಳತಿದ್ದೆ.

ನೀ ನೋಡಿದ್ದು ಬೆಂಗಳೂರಾಗ, ದೊಡ್ಡ ಪಡದಿ ಮ್ಯಾಲ. ಡಿಜಿಟಲ್ ಪ್ರೊಜೆಕ್ಷನ್ನಿಗೆ ಒಂದು ಅಳತಿ ಅದ. 2ಡಿ ಸಿನಿಮಾಕ್ಕ ಪಡದಿ ನಟ್ಟನಡುವ 14 ಫುಟ್-ಲ್ಯಾಂಬರ್ಟ್ ಬೆಳಕ ಇರಬೇಕು, ಅಂದ್ರ ಚೌಕ ಮೀಟರಿಗೆ 48 ಕ್ಯಾಂಡೆಲಾ. ಕತ್ತಲಿ ಸೀನ್ ತಗಿಯೋರು, ಆಮ್ಯಾಲ ಬಣ್ಣ ಹೊಂದಸೋರು ಇಷ್ಟು ಬೆಳಕ ಸಿಗತದ ಅಂತ ನಂಬಿ ಕೆಲಸ ಮಾಡಿರತಾರ. ಲ್ಯಾಂಪ್ ಹಳೇದಾದ್ರ, ಕ್ಯಾಬಿನ್ ಕಿಟಕಿ ಗಾಜಿಗೆ ಧೂಳ ಕೂತ್ರ, 3ಡಿ ಸಲುವಾಗಿ ಹಚ್ಚಿದ ಫಿಲ್ಟರ್ ತಗೀಲಾರದ 2ಡಿ ಸಿನಿಮಾ ಬಿಟ್ರ ಆ ಬೆಳಕ ಇಳೀತದ. ಮೊದಲು ಹೋಗೂದು ಕತ್ತಲಿ ಸೀನಿನ ಒಳಗಿನ ವಿವರ: ಕರೇ ಬಟ್ಟಿ, ಕರೇ ಗ್ವಾಡಿ, ಕರೇ ಕೂದಲಾ ಎಲ್ಲಾ ಒಂದ ಆಗಿ ಬಿಡತಾವ. ಹಗಲಿನ ಸೀನ್ ಅಷ್ಟು ಕೆಡೂದಿಲ್ಲ. ಅದಕ್ಕ ಮಂದಿಗೆ ಯಂತ್ರದ ಮ್ಯಾಲ ಸಂಶಯ ಬರೂದಿಲ್ಲ, ಸಿನಿಮಾ ತಗದಾಂವನ ಮ್ಯಾಲ ಬರತದ.

ಸಂಗು ನೋಡಿದ್ದು ಪಡಸಾಲ್ಯಾಗ, ನೆತ್ತಿ ಮ್ಯಾಲ ಟ್ಯೂಬ್‌ಲೈಟ್ ಉರಿಯುವಾಗ. ಫೋನಿನ ಬೆಳಕ ಥೇಟರಿಗಿಂತ ಹೆಚ್ಚs ಇರತದ, ಅದರಾಗ ಸುಳ್ಳಿಲ್ಲ. ಆದ್ರ ಟ್ಯೂಬ್‌ಲೈಟ್ ಗಾಜಿನ ಮ್ಯಾಲ ಬಿದ್ದು ಕರೇದು ಬೂದಿ ಬಣ್ಣ ಆಗತದ. ಡೇಟಾ ಉಳೀಲಿ ಅಂತ ಅಂವ ಕಡಿಮಿ ಗುಣಮಟ್ಟಕ್ಕ ಇಟ್ಟಿದ್ದ. ಹಂಗ ಇಟ್ರ ಕತ್ತಲಿ ಇದ್ದಲ್ಲೆ ಚಿತ್ರ ಚೌಕ ಚೌಕ ಒಡೀತದ, ಯಾಕಂದ್ರ ಚಿತ್ರ ಒತ್ತಿ ಸಣ್ಣದು ಮಾಡುವಾಗ ಮೊದಲ ಬಿಟ್ಟುಬಿಡೂದು ಕರೇ ಬಣ್ಣದೊಳಗಿನ ಸೂಕ್ಷ್ಮನ್ನ. ಸಾಲದ್ದಕ್ಕ ಕಣ್ಣಿಗೆ ಹಿತ ಆಗಲಿ ಅಂತ ಹಳದಿ ಬೆಳಕಿನ ಆಪ್ಶನ್ ಹಾಕಿದ್ದ. ನೀಲಿ ಬಣ್ಣ ಹೋಗೇ ಬಿಡ್ತು.

ಆವಾಜಿನ ಕತಿ ಬ್ಯಾರೆ. ಥೇಟರಿನ 5.1 ಆವಾಜ ಅಂದ್ರ ಮುಂದ ಮೂರು ಸ್ಪೀಕರ್, ಅಕ್ಕಪಕ್ಕ ಎರಡು, ಮತ್ತ ದಪ್ಪ ಸಪ್ಪಳಕ್ಕs ಅಂತ ಒಂದು. ಮಾತು ಬರೂದು ಮುಂದಿನ ನಡುವಿನ ಸ್ಪೀಕರಿನಿಂದ. ಆ ದಪ್ಪ ಸಪ್ಪಳ ಸುಮಾರು 120 ಹರ್ಟ್ಜ್ ಕೆಳಗಿಂದು, ಥ್ರಿಲ್ಲರಿನ್ಯಾಗ ಎದಿ ನಡಗಸೂದು ಅದ. ಫೋನಿನ ಸ್ಪೀಕರ್ ಅದನ್ನ ಹೊಂಡಸೂದಿಲ್ಲ. ನಿನಗ ಮೈ ಜುಮ್ಮಂದ ಜಾಗಾದಾಗ ಅವಂಗ ಬರೇ ಖಾಲಿ. ಇದರ ಮ್ಯಾಲ ಅವಂಗ ನಿದ್ದಿ ಬಂತು ಅಂದ್ರ ನಗೂದೇನದ?

ಇನ್ನೊಂದು. ನೀ ಸಿಟ್ಟಿಗೆದ್ದ ಆ ಮಾತು, ಬೆಂಗಳೂರು ಹುಡಿಗ್ಯಾರ ಬಗ್ಗೆ ಖಳನಾಯಕ ಕೀಳಾಗಿ ಅಂದದ್ದು. ನೀ ಮೊದಲನೇ ವಾರದಾಗ ನೋಡಿದಾಕಿ. 2025ರ ಆಗಸ್ಟ್ ಕಡೀಕ ಸಿನಿಮಾ ಬಂತು, ಸೆಪ್ಟೆಂಬರ್ ಮೊದಲಿಗೆ ನಿರ್ಮಾಪಕರು ಕ್ಷಮಾ ಕೇಳಿ, ಆ ಮಾತು ತಗೀತೀವಿ ಇಲ್ಲಾ ತಿದ್ದತೀವಿ ಅಂದ್ರು. ಸಂಗು ನೋಡಿದ್ದು ಎಷ್ಟೋ ತಿಂಗಳ ಮ್ಯಾಲ. "ಅಂಥಾ ಮಾತು ನಾ ಕೇಳೇ ಇಲ್ಲ" ಅಂದ್ರ ಅದನ್ನ ನೀ ಸುಳ್ಳು ಅಂತ ತಿಳಕೊಂಡಿ. ಖಳನ ಬಾಯಾಗಿನ ಮಾತು ಸಿನಿಮಾದ ಮಾತೇನು, ಖಳಂದs ಏನು ಅನ್ನೂದು ದೊಡ್ಡ ಪ್ರಶ್ನಿ. ಊರು ಬಿಟ್ಟು ಆ ಊರಾಗ ದುಡಿಯಾಕಿ ನೀನು, ನಿನಗ ನೋವಾದದ್ದು ನನಗ ತಿಳೀತದ. ಆದ್ರ ಆ ಸಿಟ್ಟು ತಮ್ಮನ ಮ್ಯಾಲ ಯಾಕ ಬಂತು?

ನನ್ನ ಅಂಜಿಕಿ ಹೇಳತೀನಿ. ನಿನ್ನ ರೂಮಿನ ಬಾಡಗಿ ಎಷ್ಟು ಏರೇದ ಅವಂಗ ಗೊತ್ತಿಲ್ಲ. ಅವನ ಪಿಯುಸಿ ಗಣಿತದಾಗ ಎಲ್ಲೆ ತೊಡಕು ಬಿದ್ದದ ನಿನಗ ಗೊತ್ತಿಲ್ಲ. ನೀವಿಬ್ಬರೂ ಮಾತಾಡೂದು ಸಿನಿಮಾ ಒಂದರ ಬಗ್ಗೆನ. ಆ ಮಾತಿನ ನಡುವ "ಊಟ ಆತೇನು", "ಅವ್ವನ ಮೊಣಕಾಲ ಹ್ಯಾಂಗದ" ಅನ್ನೂವೂ ನುಸುಳಿ ಬರತಿದ್ದವು. ಈಗ ಸಿನಿಮಾ ಮಾತು ನಿಂತ್ರ ಅವೂ ನಿಲ್ಲತಾವ. ಹೊಲದ ಬದುವಿಗೆ ಜಗಳಾದ್ರ ಪಂಚರು ಕೂಡತಾರ, ಹಿರ್ಯಾರು ಬರತಾರ, ಏನರ ಒಂದು ತೀರ್ಮಾನ ಆಗತದ. ಅಕ್ಕ ತಮ್ಮ ಸುಮ್ಮನs ಮಾತು ಬಿಟ್ರ ಯಾವ ಪಂಚರೂ ಕೂಡೂದಿಲ್ಲ, ಯಾಕಂದ್ರ ಜಗಳ ಆಗೇದ ಅಂತ ಯಾರಿಗೂ ಕಾಣೂದಿಲ್ಲ. ಮದುವಿಯೊಳಗ ಭೆಟ್ಟಿ ಆಗತಾರ, ಆರಾಮೇನು ಅಂತಾರ, ಉಂಡು ಹೋಗತಾರ. ನನಗ ಅದರ ಅಂಜಿಕಿ. ನಿಮ್ಮವ್ವ "ಸಿನಿಮಾದ ಜಗಳ, ಎಂಟ ದಿನದಾಗ ಮರೀತಾವ ಬಿಡ್ರಿ" ಅಂತಾಳ. ಆಕಿ ಮಾತು ಖರೆ ಆಗಲಿ. ಆದ್ರ ಅಂವ ಗ್ರೂಪ್ ಬಿಟ್ಟದ್ದು ನೆನಪಾದ್ರ ನನಗ ರಾತ್ರಿ ನಿದ್ದಿ ಹತ್ತೂದಿಲ್ಲ.

ನಿನ್ನ ಮಾತಿನ ಧಾಟಿ ಕೇಳಿದ್ರ ನನಗ ಅಭಿಮಾನ ಆಗತದ, ಅದನ್ನೂ ಹೇಳಬೇಕು. ಸಿನಿಮಾ ಬಿಟ್ಟ ಮ್ಯಾಲೂ ಅದರ ಬಗ್ಗೆ ಯೋಚನಿ ಮಾಡೋರು ಕಡಿಮಿ, ನೀ ಮಾಡತಿ. ಹಂಗಂತ ಥ್ರಿಲ್ಲರಿನ ವಿಷಯದಾಗ ನೀ ಒಂದು ಜಾಗಾದಾಗ ಎಡವತಿ. ಎಲ್ಲಾ ಥ್ರಿಲ್ಲರಿಗೂ "ಕಡೀಕ ಏನಾತು ಗೊತ್ತಾಗೇ ಬಿಟ್ಟಿತ್ತು" ಅನ್ನೂದೊಂದ ಅಳತಿಗೋಲು ಇಡತಿ. ಥ್ರಿಲ್ಲರಿನ್ಯಾಗ ಎರಡು ಜಾತಿ ಅವ. 'ರಂಗಿತರಂಗ' (2015), 'ಕವಲುದಾರಿ' (2019) ಇವು ಯಾರು ಅನ್ನೂ ಪ್ರಶ್ನಿ ಮ್ಯಾಲ ನಿಂತಾವ. ಮೆಟ್ರೋ ಅಗಿಯುವಾಗ ಸಿಕ್ಕ ಎಲುಬು ಯಾರವು ಅನ್ನೂದರಿಂದ 'ಕವಲುದಾರಿ' ಶುರುವಾಗತದ, ಆ ಉತ್ತರ ಮೊದಲ ಹೇಳಿಬಿಟ್ರ ನೋಡಾಂವಗ ಅರ್ಧ ಸಿನಿಮಾ ಕಸಕೊಂಡಂಗ. 'ದೃಶ್ಯ' (2014) ಹಂಗಲ್ಲ. ಯಾರು ಸತ್ರು, ಯಾರ ಕೈಲೆ ಅನ್ನೂದು ನಮಗ ಮೊದಲs ಗೊತ್ತು. ಸಿನಿಮಾ ನೋಡಿ ನೋಡಿ ಬುದ್ಧಿ ಕಲತ ಒಬ್ಬ ಕೇಬಲ್ ಟಿವಿಯಾಂವ ಪೊಲೀಸರ ಮುಂದ ತನ್ನ ಮಂದೀನ ಹ್ಯಾಂಗ ಕಾಯತಾನ ಅನ್ನೂದs ಪ್ರಶ್ನಿ. ಇಂಥಾದ್ದಕ್ಕ "ಮೊದಲ ಗೊತ್ತಾತು" ಅನ್ನೂ ತಕರಾರು ಹತ್ತೂದs ಇಲ್ಲ.

ಥ್ರಿಲ್ಲರ್ ಸಿನಿಮಾದ ದೊಡ್ಡ ನಿರ್ದೇಶಕ ಹಿಚ್‌ಕಾಕ್ 1962ರಾಗ ಫ್ರಾನ್ಸಿನ ನಿರ್ದೇಶಕ ತ್ರೂಫೋಗ ಕೊಟ್ಟ ಸಂದರ್ಶನದಾಗ ಇದನ್ನ ಬಿಡಿಸಿ ಹೇಳ್ಯಾನ. ಟೇಬಲ್ ಕೆಳಗ ಬಾಂಬ್ ಅದ. ನೋಡೋರಿಗೆ ಹೇಳದs ಒಡಿಸಿದ್ರ ಹದಿನೈದು ಸೆಕೆಂಡಿನ ಬೆಚ್ಚು. ಬಾಂಬ್ ಅದ ಅಂತ ಮೊದಲ ತೋರಿಸಿ, ಟೇಬಲ್ ಮುಂದ ಕೂತೋರು ಸುಮ್ಮನ ಹರಟೀ ಹೊಡಿಯೂದನ್ನ ತೋರಿಸಿದ್ರ ಹದಿನೈದು ಮಿನಿಟಿನ ತಳಮಳ. ನಿನಗ ಬೆಚ್ಚು ಸೇರತದ, ಸಂಗೂಗ ತಳಮಳ ಸೇರತದ. ರೆಕಾರ್ಡ್ ಶುರು ಮಾಡೂ ಮುಂದ ಈ ಸಿನಿಮಾ ಯಾವ ಜಾತೀದು ಅಂತ ಇಬ್ಬರೂ ಒಪ್ಪಿಕೊಳ್ಳ್ರಿ. ಯಾರು ಅನ್ನೂ ಸಿನಿಮಾ ಇದ್ರ ಅರ್ಧದಾಗ "ಇನ್ನ ಮುಂದ ನೋಡಿದೋರಷ್ಟs ಕೇಳ್ರಿ" ಅಂತ ಜೋರಾಗಿ ಹೇಳಿ, ಆಮ್ಯಾಲ ಕಡೀ ಮಾತು. ಹೆಸರು ಹೇಳೂದಷ್ಟs ಅಲ್ಲ, "ಕಡೀಕ ಭಾರಿ ತಿರುವು ಅದ" ಅಂದ್ರೂ ಕೆಡತದ, ಮಂದಿ ಮೊದಲನೇ ಸೀನಿನಿಂದs ಹುಡಕಲಿಕ್ಕೆ ಹತ್ತತಾರ.

ಸೂಪರ್‌ಹೀರೋ ಸಿನಿಮಾ ತೂಗೂದು ಬ್ಯಾರೆ ರೀತಿ. ಶಕ್ತಿ ಎಷ್ಟದ ಅನ್ನೂದಕ್ಕಿಂತ ಅದಕ್ಕ ಮಿತಿ ಎಲ್ಲದ, ಆ ಮಿತಿ ಯಾವಾಗ ಹೇಳ್ಯಾರ ಅಂತ ನೋಡಬೇಕು. 2024ರ ಸಂಕ್ರಾಂತಿಗೆ ಬಂದ 'ಹನುಮಾನ್' ಒಳಗ ನಾಯಕಗ ಸಿಕ್ಕ ಮಣಿಯ ಶಕ್ತಿ ಹಗಲಿನ ಬೆಳಕಿಗೆ ಕಟ್ಟಿಬಿದ್ದದ. ಅದು ನಮಗ ಗೊತ್ತಿದ್ದದ್ದಕ್ಕ ಹೊತ್ತು ಮುಳುಗಿದ್ರ ಅಂಜಿಕಿ ಬರತದ. 2025ರ 'ಸೂಪರ್‌ಮ್ಯಾನ್' ಶುರುವಾಗೂದs ಅಂವ ಮೊದಲನೇ ಸಲ ಸೋತು ಹಿಮದಾಗ ಬಿದ್ದಿರೂದ್ರಿಂದ. 'ಮಿನ್ನಲ್ ಮುರಳಿ' (2021) ಒಳಗ ಅದs ಸಿಡಿಲು ಇಬ್ಬರಿಗೆ ಬಡೀತದ, ಎದುರಿನಾಂವನ ದುಃಖ ನಾಯಕನಕಿಂತ ಹೆಚ್ಚು ನಾಟತದ. ಮಿತಿಯನ್ನ ಕಡೀ ಹೊಡೆದಾಟದಾಗ ಅವಸರಕ್ಕ ಹುಟ್ಟಿಸಿದ್ರ ಮಾತ್ರ ಅದು ಬರದೋರ ಸೋಮಾರಿತನ. ಸಂಗೂನ ಮೂರನೇ ಮಾತು ಇದಕ್ಕ ಹತ್ತಿದ್ದು ನೋಡು. ಚಂದ್ರಾ ಅಂದ್ರ ಕೇರಳದ ಹಳೇ ಕತಿಯಾಗಿನ ಯಕ್ಷಿ ಕಳ್ಳಿಯಂಕಾಟ್ಟು ನೀಲಿನ. ಆಕಿ ಕತಿ ಕೇರಳದ ಮಂದಿಗೆ ಅಜ್ಜಿ ಬಾಯಿಲೆ ಕೇಳಿ ಗೊತ್ತು. ನಮ್ಮ ಕಡೆ ಹುಡುಗಗ ಗೊತ್ತಿಲ್ಲ. ಚಂದ್ರಾ ಯಾರು ಅಂತ ತಡಾ ಮಾಡಿ ಹೇಳಿದ್ದು ಅವರಿಗೆ ಕುತೂಹಲ, ಇವಂಗ ಗೊಂದಲ. ನೀ ಕತ್ತರಿಸಿ ಒಗದ ಮಾತಿನ್ಯಾಗ ಇಷ್ಟೆಲ್ಲಾ ಇತ್ತು.

ಮತ್ತ ಅದs ಮಾತಿಗೆ ಬಂದೆ. ಫೋನಿನ್ಯಾಗ ಮೊನ್ನೆ ನಾ ಜೋರಾಗಿ ಮಾತಾಡಿದೆ, ಅದನ್ನ ಮನಸ್ಸಿನ್ಯಾಗ ಇಟಗೋಬ್ಯಾಡ. ದೊಡ್ಡಾಕಿ ಅಂತ ನಿನಗs ಹೇಳತೀನಿ, ಸಣ್ಣಾಂವಗ ಹೇಳೂದಿಲ್ಲ ಅಂತ ನಿನಗ ಅನಸಬಹುದು. ಅವಂಗೂ ಹೇಳೀನಿ: ಅಕ್ಕ ಒಂದು ಮಾತಂದ್ರ ಗ್ರೂಪ್ ಬಿಡೂ ಅಷ್ಟು ಸೊಕ್ಕು ಬ್ಯಾಡ ಅಂತ. ತಲಿ ಕೆಳಗ ಹಾಕಿ ಕೂತ.

ಮುಂದಿನ ಸಲ ಹಿಂಗ ಮಾಡ್ರಿ. ಇಬ್ಬರೂ ಒಂದ ವಾರದಾಗ ನೋಡ್ರಿ. ನೀ ಥೇಟರಿನ್ಯಾಗ ನೋಡೂದಿದ್ರ ಅವಂಗೂ ಇಲ್ಲೆ ಥೇಟರಿಗೆ ಹೋಗಲಿಕ್ಕೆ ರೊಕ್ಕಾ ನಾ ಕೊಡತೀನಿ. ಮನ್ಯಾಗ ನೋಡೂದಿದ್ರ ಫೋನ್ ಬ್ಯಾಡ, ಟಿವಿ ಮ್ಯಾಲ ನೋಡಲಿ. ಟಿವಿಯೊಳಗ ಚಿತ್ರ ನುಣುಪು ಮಾಡೂ ಆಪ್ಶನ್ ಇರತದ, ಕಂಪನಿಗೊಂದು ಹೆಸರು, ಅದನ್ನ ಬಂದ್ ಮಾಡಬೇಕು. ಸಿನಿಮಾ ಸೆಕೆಂಡಿಗೆ 24 ಚಿತ್ರದ್ದು, ಟಿವಿ ನಡುವ ತಾನs ಚಿತ್ರ ಹುಟ್ಟಿಸಿ ತುಂಬಿದ್ರ ದೊಡ್ಡ ಸಿನಿಮಾನೂ ಧಾರಾವಾಹಿಯಂಗ ಕಾಣತದ. ಆವಾಜ ಎರಡು ಸ್ಪೀಕರಿನ ಸ್ಟೀರಿಯೋಕ್ಕ ಇಡಬೇಕು. 5.1ಕ್ಕ ಇಟ್ಟು ಟಿವಿಯ ಎರಡ ಸ್ಪೀಕರಿನ್ಯಾಗ ಕೇಳಿದ್ರ ಮಾತು ಸಣ್ಣ, ಹೊಡೆದಾಟ ದೊಡ್ಡ ಆಗೂದು ಅದರಿಂದs. ದೀಪ ಆರಿಸಬೇಕು. ಇವೆಲ್ಲಾ ನಾ ಇಲ್ಲೆ ಮಾಡಿ ಕೊಡತೀನಿ.

ಸಿನಿಮಾ ಮುಗದ ಕೂಡ್ಲೆ ಒಬ್ಬರಿಗೊಬ್ಬರು ಫೋನ್ ಮಾಡಬ್ಯಾಡ್ರಿ. ಮೊದಲು ಚೀಟಿಯೊಳಗ ಬರೀರಿ: ಎಲ್ಲೆ ನೋಡಿದೆ, ಯಾವ ಸೀನಿನ್ಯಾಗ ಮನಸ್ಸು ಜಾರಿತು, ಯಾವುದು ಮರುದಿನಾನೂ ಉಳೀತು. ಮಾತು ಶುರು ಮಾಡಾಂವ ತಮ್ಮ ಇರಲಿ. ನೀ ಮೊದಲು ಹೇಳಿದ್ರ ಅಂವ ಒಂದೋ ಒಪ್ಪಿಬಿಡತಾನ, ಇಲ್ಲಾ ಬೇಕಂತ ಎದುರು ಹೇಳತಾನ, ಎರಡೂ ಅವನ ಮಾತಲ್ಲ. ಫೋನಿನ ಕರೆಯನ್ನs ರೆಕಾರ್ಡ್ ಮಾಡಿದ್ರ ದನಿ ತೆಳ್ಳಗ ಬರತದ. ಕರೆ ಇಯರ್‌ಫೋನಿನ್ಯಾಗ ಇರಲಿ, ತಂತಮ್ಮ ದನಿ ತಾವs ಇನ್ನೊಂದು ಫೋನಿನ್ಯಾಗ ಹಿಡೀರಿ, ಬಾಯಿಂದ ಒಂದು ಗೇಣು ದೂರ, ಫ್ಯಾನ್ ಬಂದ್. ಸಂಗು ನನ್ನ ಫೋನ್ ತಗೊಳ್ಳಲಿ. ಶುರುವಿಗೆ ಇಬ್ಬರೂ ಒಂದ ಸಲ ಚಪ್ಪಾಳಿ ಹೊಡೀರಿ, ಆಮ್ಯಾಲ ಆ ಎರಡು ಚಪ್ಪಾಳಿ ಒಂದರ ಮ್ಯಾಲೊಂದು ಕೂಡಿಸಿದ್ರ ಮಾತು ಹೊಂದತದ. ಕತ್ತರಿ ಹಾಕೂದು ನಿನ್ನ ಕೈಯಾಗs ಇರಲಿ, ನಿನಗ ಅದು ಛಂದ ಬರತದ. ಕೆಮ್ಮು, ಮತ್ತ ಮತ್ತ ಅಂದ ಮಾತು, ಖಾಲಿ ಜಾಗಾ ತಗಿ. ಕಾರಣ ಹೇಳಿದ ವಾಕ್ಯ ಮಾತ್ರ ಯಾರದ್ದೂ ತಗೀಬ್ಯಾಡ. ಕಳಸೂ ಮುಂದ ಅವಂಗೊಮ್ಮೆ ಕೇಳಸು.

'ಲೋಕಾ' ರೆಕಾರ್ಡಿಂಗ್ ಅವನ ಕಡೆ ಪೂರ್ತಿ ಅದ ಅಂದೆನಲ್ಲಾ, ಈ ಪತ್ರದ ಹಿಂದ ಅದನ್ನೂ ನಿನಗ ಕಳಸತೀನಿ. ಅವನ ಮಾತು ಸೇರಿಸಿ ಮತ್ತ ಗ್ರೂಪಿಗೆ ಹಾಕು. ಅದಕ್ಕಿಂತ ಮೊದಲು ಅವಂಗ ಫೋನ್ ಮಾಡು. ಟ್ಯೂಶನ್ ಮುಗಿಸಿ ಮನಿ ಮುಟ್ಟೂದು ರಾತ್ರಿ ಎಂಟೂವರಿ, ಊಟ ಆಗೂದು ಒಂಬತ್ತು. ಒಂಬತ್ತರ ಮ್ಯಾಲ ಮಾಡಿದ್ರ ಎತ್ತತಾನ. ಎತ್ತಲಿಲ್ಲಂದ್ರ ನನ್ನ ನಂಬರಿಗೆ ಮಾಡು, ನಾ ಅವನ ಬಾಜೂಕs ಕೂತಿರತೀನಿ. ಶೇಂಗಾ ಹಿಂಡಿ, ಖಟಕ ರೊಟ್ಟಿ ಬರೂ ವಾರ ಕಳಸತಾಳಂತ ಅವ್ವ, ಯಾವ ವಿಳಾಸಕ್ಕ ಅಂತ ತಿಳಸು.

ಇಂತಿ ನಿನ್ನ
ಅಪ್ಪ