ಹಳೇ ಗೇಟಿನ ದುರಸ್ತಿಗೆ ದೇಣಿಗೆ ಕೊಡಿ

ಪ್ರಿಯ ಹಳೆಯ ವಿದ್ಯಾರ್ಥಿಗಳೇ,

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಗೇಟು ದೂರದಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ಎಡಗಡೆ ಕಂಬ ನೋಡಿ. ಕೀಲು ಕೂತಿರುವ ಕಡೆ ಬೆರಳು ತೂರುವಷ್ಟು ಬಿರುಕು. ಕಲ್ಲಿನೊಳಗೆ ಹೂತ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ, ಕಲ್ಲನ್ನು ಒಳಗಿಂದಲೇ ಸೀಳುತ್ತಿದೆ. ಹಿಂದೆ ಯಾರೋ ಬಿರುಕಿಗೆ ಸಿಮೆಂಟ್ ಮೆತ್ತಿದ್ದಾರೆ. ಪಾಪ, ಒಳ್ಳೆಯ ಮನಸ್ಸಿಂದಲೇ ಮಾಡಿರಬೇಕು. ಆದರೆ ಒಳಗೆ ಸೇರಿದ ನೀರು ಆರಲು ಸಿಮೆಂಟ್ ಬಿಡುವುದಿಲ್ಲ, ಸುಣ್ಣದ ಗಾರೆ ಬಿಡುತ್ತದೆ. ಹಾಗಾಗಿ ಮೊದಲು ಆ ಸಿಮೆಂಟನ್ನು ಉಳಿ ಹಿಡಿದು, ಕಲ್ಲಿಗೆ ಪೆಟ್ಟಾಗದಂತೆ ಕೈಯಲ್ಲೇ ಬಿಡಿಸಬೇಕು. ಜಾಸ್ತಿ ಖರ್ಚು ಇದಕ್ಕೇ. ಆಮೇಲೆ ಕೀಲು ಬದಲಿಸಿ, ಗಾರೆ ತುಂಬಿ, ಕಬ್ಬಿಣಕ್ಕೆ ಬಣ್ಣ.

ಇಂಥ ಗೇಟುಗಳು ಸುಮ್ನೆ ಎದ್ದವಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸೇದರ್ ಗೇಟನ್ನು 1910ರಲ್ಲಿ ಕಟ್ಟಿದ್ದು ಜೇನ್ ಸೇದರ್ ತಮ್ಮ ಗಂಡ ಪೀಡರ್ ನೆನಪಿಗೆ ಕೊಟ್ಟ ಹಣದಲ್ಲಿ. ಹಾರ್ವರ್ಡ್‌ನ ಡೆಕ್ಸ್‌ಟರ್ ಗೇಟು ಒಬ್ಬ ತಾಯಿ ತೀರಿಹೋದ ಮಗನಿಗಾಗಿ ಕೊಟ್ಟದ್ದು. ಜ್ಞಾನದಲ್ಲಿ ಬೆಳೆಯಲು ಒಳಗೆ ಬಾ ಎಂದು ಅದರ ಹೊರಮುಖದಲ್ಲಿ ಕೆತ್ತಿದೆ. ನಾಡಿಗೂ ಜನರಿಗೂ ಇನ್ನೂ ಚೆನ್ನಾಗಿ ಸೇವೆ ಮಾಡಲು ಹೊರಡು ಎಂದು ಒಳಮುಖದಲ್ಲಿದೆ.

ನಮ್ಮ ಗೇಟಿನ ಮೇಲಿರುವುದು ಓದು ಅರ್ಧಕ್ಕೇ ಬಿಟ್ಟು ಯುದ್ಧಕ್ಕೆ ಹೋಗಿ ವಾಪಸ್ಸು ಬರದ ಹುಡುಗರ ಹೆಸರು. ಕೆಳಗಿನ ಸಾಲುಗಳು ಸವೆದು ಕೈಗೂ ಸಿಗುವುದಿಲ್ಲ. ಹಳೆಯ ದಾಖಲಾತಿ ಪುಸ್ತಕದೊಂದಿಗೆ ಹೋಲಿಸಿ ನೋಡದೆ ಒಂದಕ್ಷರವನ್ನೂ ಹೊಸದಾಗಿ ಕೆತ್ತಿಸುವುದಿಲ್ಲ.

ದಾನಿಗಳ ಹೆಸರು ಎಲ್ಲಿ ಹಾಕ್ತೀರಿ ಅಂತ ಕೆಲವರು ಕೇಳಿದ್ದಾರೆ. ಗೇಟಿನ ಮೇಲಂತೂ ಅಲ್ಲ. ಎಷ್ಟೇ ದೊಡ್ಡ ಮೊತ್ತ ಕೊಟ್ಟರೂ ಅಲ್ಲ. ಆ ಕಲ್ಲು ಯುದ್ಧಕ್ಕೆ ಹೋದ ಆ ಹುಡುಗರದ್ದು. ನಿಮ್ಮ ಹೆಸರು ಗ್ರಂಥಾಲಯದಲ್ಲಿಡುವ ಪುಸ್ತಕದಲ್ಲಿರುತ್ತದೆ, ಸಣ್ಣ ಮೊತ್ತ ದೊಡ್ಡ ಮೊತ್ತ ಎನ್ನದೆ ಅಕಾರಾದಿಯಾಗಿ.

ಈ ದುಡ್ಡಲ್ಲಿ ವಿದ್ಯಾರ್ಥಿವೇತನ ಕೊಡಬಹುದಲ್ವಾ ಅನ್ನುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅದರ ನಿಧಿ ಬೇರೆ ಇದೆ, ಅದರಲ್ಲಿ ಬಿಡಿಗಾಸನ್ನೂ ಇದಕ್ಕೆ ಮುಟ್ಟುವುದಿಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ಕೊಡಲು ಆಗುವುದಾದರೆ ಅಲ್ಲಿಗೇ ಕೊಡಿ, ನಮಗೆ ಬೇಜಾರಿಲ್ಲ.

ಕೊಡುವುದಾದರೆ ಸಂಘದ ಬ್ಯಾಂಕ್ ಖಾತೆಗೇ ಹಾಕಿ, ರಸೀದಿ ಕೇಳಿ ಪಡೆಯಿರಿ. ಪದಾಧಿಕಾರಿಗಳ ಕೈಗೆ ನಗದು ಬೇಡ. ಹಸಿ ಗಾರೆಗೆ ಜೋರು ಮಳೆ ಆಗದು, ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಕೆಲಸ ಮುಗಿಸಬೇಕಿದೆ. ತಡ ಮಾಡಬೇಡಿ.

ಇಂತಿ,
ಹಳೆಯ ವಿದ್ಯಾರ್ಥಿಗಳ ಸಂಘ