ಆಸ್ಪತ್ರೆಯ ಚರಂಡಿಗಳ ಬಗ್ಗೆ ಪುಣೆ ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಇದರ ಮರಾಠಿ ಪ್ರತಿ ನಿಮ್ಮ ಕಚೇರಿಯ ಆವಕ ವಿಭಾಗ ಸೇರಿದೆ. ಕನ್ನಡದಲ್ಲೂ ಬರೆಯುತ್ತಿರುವುದು ಪುಣೆಯಲ್ಲಿ ನೆಲೆಸಿರುವ ನಮ್ಮವರೂ ಓದಲಿ ಎಂದು.

ಧಾರವಾಡದಿಂದ ಬಂದು ಇಲ್ಲಿನ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ದುಡಿದವನು ನಾನು. ರೋಗಿಯ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಸವರಿ, ಮೇಲೆ ಆಂಟಿಬಯಾಟಿಕ್ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, ಮರುದಿನ ಅಳತೆಪಟ್ಟಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಬೋಳು ಉಂಗುರ ಮೂಡುತ್ತದೆ. ನಿವೃತ್ತಿಯ ಹೊತ್ತಿಗೆ, ಮೆರೋಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್ಕಿನ ಬಿಲ್ಲೆಯ ಅಂಚಿಗೇ ಒತ್ತಿಕೊಂಡು ಬ್ಯಾಕ್ಟೀರಿಯಾ ಬೆಳೆದು ನಿಂತ ತಟ್ಟೆಗಳನ್ನು ಕಂಡೆ. ಅಳೆಯಲು ಉಂಗುರವೇ ಇರಲಿಲ್ಲ.

ರೋಗಿಗಳು ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರು ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಮದ್ದಿಗೆ ಬಗ್ಗದ ಈ ಪ್ರತಿರೋಧ ವಂಶಪಾರಂಪರ್ಯವಾಗಿ ಮಾತ್ರ ಬರುವುದಲ್ಲ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ, ಜಾತಿ ಬೇರೆಯಾದರೂ ಸರಿ. ನೆರೆಮನೆಗೆ ಹೆಪ್ಪು ಕೊಟ್ಟಂತೆ: ಕೊಟ್ಟವರ ಮನೆಯ ಮೊಸರೇನೂ ಖಾಲಿಯಾಗುವುದಿಲ್ಲ. ಡಿಎನ್‌ಎಯೊಳಗೇ ಜಾಗ ಬದಲಿಸುವ ಟ್ರಾನ್ಸ್‌ಪೋಸಾನ್‌ಗಳು ಪ್ರತಿರೋಧದ ವಂಶವಾಹಿಯನ್ನು ಹೊತ್ತು ತಂದು ಆ ಬಳೆಗೆ ಹತ್ತಿಸುತ್ತವೆ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯಲ್ಲಿ 2008ರಲ್ಲಿ ಎನ್‌ಡಿಎಂ-1 (ನ್ಯೂ ಡೆಲ್ಲಿ ಮೆಟಲೋ-ಬೀಟಾ-ಲ್ಯಾಕ್ಟಮೇಸ್, ಮೆರೋಪೆನೆಮ್ ಥರದ ಮದ್ದುಗಳನ್ನು ಮುರಿಯುವ ಕಿಣ್ವ) ಪತ್ತೆಯಾಯಿತಲ್ಲ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿದ್ದ ಅದರ ವಂಶವಾಹಿ ಅದೇ ರೋಗಿಯ ಮಲದಲ್ಲಿದ್ದ ಬೇರೆ ಜಾತಿಯ ಬ್ಯಾಕ್ಟೀರಿಯಾ ಇ. ಕೋಲಿಯಲ್ಲೂ ಇತ್ತು. (ಹೆಸರಿನಲ್ಲಿ ದೆಹಲಿ ಬಂತೆಂದು ದೇಶದಲ್ಲಿ ದೊಡ್ಡ ಗದ್ದಲವಾಯಿತು. ಚರಂಡಿಗಳ ಬಗ್ಗೆ ಅಷ್ಟು ಗದ್ದಲ ಕೇಳಲಿಲ್ಲ.)

ಒಬ್ಬರ ಕರುಳಿನಲ್ಲೇ ಹೀಗಾದರೆ, ಇಡೀ ಊರಿನ ಮತ್ತು ಆಸ್ಪತ್ರೆಗಳ ಕೊಳಚೆ ಒಂದೇ ಕೊಳವೆಯಲ್ಲಿ ಕೂಡಿದಾಗ? ಮುಠಾ ನದಿಯ ಕೆಸರಿನ ಬಗ್ಗೆ 2017ರಲ್ಲೇ ಅಧ್ಯಯನ ಪ್ರಕಟವಾಗಿದೆ. ಊರಿನ ಮೇಲ್ಹರಿವಿಗಿಂತ ಊರೊಳಗಿನ ಕೆಸರಿನಲ್ಲಿ ಪ್ರತಿರೋಧದ ವಂಶವಾಹಿಗಳು ಹಲವು ಪಟ್ಟು ಹೆಚ್ಚು. ಮೆರೋಪೆನೆಮ್ ಗುಂಪಿನ ಕೊನೆಯ ಅಸ್ತ್ರಗಳಾದ ಕಾರ್ಬಪೆನೆಮ್‌ಗಳನ್ನು ಮುರಿಯುವಂಥವೂ ಅದರಲ್ಲಿದ್ದವು.

ಜಪಾನ್ ನೆರವಿನ ಯೋಜನೆಯಲ್ಲಿ 11 ಶುದ್ಧೀಕರಣ ಘಟಕಗಳು ಎಂದಿದ್ದೀರಿ, ಸಂತೋಷ. ಆದರೆ ಇಂಥ ಘಟಕಗಳಲ್ಲಿ ಲೆಕ್ಕಕ್ಕೆ ಬರುವುದು ಬಿಒಡಿ (ಕೊಳಚೆ ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ), ಕೋಲಿಫಾರ್ಮ್ (ಮಲ ಬೆರೆತದ್ದನ್ನು ತೋರುವ ಬ್ಯಾಕ್ಟೀರಿಯಾ) ಇಂಥವು; ವಂಶವಾಹಿಗಳಲ್ಲ. ಮೇಲಾಗಿ, ಕೊಳಚೆ ತಿನ್ನಲೆಂದು ಬ್ಯಾಕ್ಟೀರಿಯಾಗಳನ್ನು ಕಿಕ್ಕಿರಿದು ಸಾಕುವ ತೊಟ್ಟಿಗಳು ಹೆಪ್ಪು ಹಂಚಿಕೊಳ್ಳಲು ಹೇಳಿಮಾಡಿಸಿದ ಜಾಗ.

ಆದ್ದರಿಂದ ಆಸ್ಪತ್ರೆಯ ನೀರು ಒಳಚರಂಡಿ ಸೇರುವ ಮೊದಲೇ ಅಲ್ಲಿ ಸೋಂಕು ನಿವಾರಣೆಯಾಗುತ್ತಿದೆಯೇ ಎಂದು ನಿಮ್ಮ ಸಿಬ್ಬಂದಿ ಖುದ್ದಾಗಿ ಹೋಗಿ ನೋಡಲಿ. ಪ್ರಮಾಣಪತ್ರ ನೋಡಿ ಬಂದರೆ ಸಾಲದು. ಆ ಚರಂಡಿಗಳಲ್ಲಿ, ಘಟಕಗಳಿಂದ ಹೊರಬರುವ ನೀರಿನಲ್ಲಿ ತಿಂಗಳಿಗೊಮ್ಮೆ ಎನ್‌ಡಿಎಂ ವಂಶವಾಹಿಗಾಗಿ ಪಿಸಿಆರ್ ಪರೀಕ್ಷೆ ನಡೆಯಲಿ. ಕೋವಿಡ್ ಕಾಲದಲ್ಲಿ ಪುಣೆಯ ಚರಂಡಿ ನೀರಿನಲ್ಲಿ ವೈರಾಣು ಹುಡುಕಿದ್ದಾರೆ, ಕೆಲಸ ಹೊಸದಲ್ಲ. ಫಲಿತಾಂಶ ಪಾಲಿಕೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣಲಿ.

ಮಾದರಿ ತುಂಬಿಸಲು ಕೈ ಸಾಲದಿದ್ದರೆ ಹೇಳಿಕಳುಹಿಸಿ, ಶೀಸೆ ಹಿಡಿದು ನಾನೇ ಬರುತ್ತೇನೆ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಪುಣೆ