ನೋಟಿಸ್ ಕಳಿಸುವ ಮೊದಲು ಬರ್ಡ್ ಕೇಸು ಓದು

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕರಡು ನೋಟಿಸ್ ಓದಿದೆ. ಸೊಪ್ಪು ಮಾರುವ ಆ ಹೆಂಗಸನ್ನು ಲೇಔಟ್ ಗೇಟಿನಲ್ಲಿ ಸೆಕ್ಯುರಿಟಿಯವರು ಅಡ್ಡಗಟ್ಟಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀನು ಅದನ್ನು ಅಕ್ರಮ ಬಂಧನ ಅಂತ ಬರೆದು ಪರಿಹಾರ ಕೇಳಿದ್ದೀಯ. ನನಗೆ ಭಯ ಇರುವುದು ಅಲ್ಲೇ. ಬರ್ಡ್ ವಿರುದ್ಧ ಜೋನ್ಸ್ ತೀರ್ಪನ್ನು ಪೂರ್ತಿ ಓದು, ಗೈಡಿನಲ್ಲಿರುವ ನಾಲ್ಕು ಸಾಲಲ್ಲ.

1843ರ ಆಗಸ್ಟ್, ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆ. ಕೆಳಗೆ ಥೇಮ್ಸ್‌ನಲ್ಲಿ ದೋಣಿ ಸ್ಪರ್ಧೆ. ಜನ ನಡೆದಾಡುವ ಕಾಲುದಾರಿಯ ಒಂದು ಭಾಗಕ್ಕೆ ಬೇಲಿ ಕಟ್ಟಿ, ದುಡ್ಡು ಕೊಟ್ಟವರಿಗೆ ಕೂತು ನೋಡಲು ಜಾಗ ಮಾಡಿದ್ದರು. ಬರ್ಡ್ ಇದನ್ನು ಒಪ್ಪಲಿಲ್ಲ. ಸೇತುವೆ ಕಂಪನಿಯ ಗುಮಾಸ್ತ ಜೋನ್ಸ್ ಕೋಟು ಹಿಡಿದು ಎಳೆದರೂ ಬೇಲಿ ಹತ್ತಿ ಒಳಗಿಳಿದ. ಮುಂದೆ ಇಬ್ಬರು ಪೊಲೀಸರು ನಿಂತರು. ಬೇಕಾದರೆ ಹಿಂದೆ ಹೋಗಿ, ಗಾಡಿ ರಸ್ತೆ ದಾಟಿ ಆಚೆ ಬದಿಯಿಂದ ಹೋಗು ಅಂದರು. ನನ್ನ ದಾರಿ ಇದೇ ಅಂತ ಬರ್ಡ್ ಸುಮಾರು ಅರ್ಧ ಗಂಟೆ ಅಲ್ಲೇ ನಿಂತ. ಕೊನೆಗೆ ನುಗ್ಗಲು ಹೋಗಿ ಜೋನ್ಸ್ ಮೇಲೆ ಕೈ ಮಾಡಿದ, ಪೊಲೀಸರ ವಶವಾದ. ಆಮೇಲೆ ಹಲ್ಲೆ ಮತ್ತು ಅಕ್ರಮ ಬಂಧನ ಅಂತ ಜೋನ್ಸ್ ಮೇಲೆ ದಾವೆ ಹಾಕಿದ.

ಇಡೀ ಕೇಸು ನಿಂತದ್ದು ಆ ಅರ್ಧ ಗಂಟೆಯ ಮೇಲೆ. ಅದು ಬಂಧನವಾಗಿದ್ದರೆ, ಬಿಡಿಸಿಕೊಳ್ಳಲು ಕೈ ಎತ್ತಿದೆ ಅನ್ನುವ ಸಮರ್ಥನೆ ಬರ್ಡ್‌ಗೆ ಸಿಗುತ್ತಿತ್ತು. ಅಲ್ಲದಿದ್ದರೆ ಅವನೇ ಮೊದಲು ಹಲ್ಲೆ ಮಾಡಿದಂತೆ. ಮೊದಲ ವಿಚಾರಣೆಯಲ್ಲಿ ಬರ್ಡ್ ಗೆದ್ದಿದ್ದ. 1845ರಲ್ಲಿ ಕ್ವೀನ್ಸ್ ಬೆಂಚ್ ಅನ್ನುವ ಇಂಗ್ಲೆಂಡಿನ ಮೇಲಿನ ಕೋರ್ಟು ಬೇರೆ ಹೇಳಿತು. ಸೆರೆ ಅಂದಮೇಲೆ ಸುತ್ತ ಒಂದು ಎಲ್ಲೆ ಇರಬೇಕು, ಒಂದು ದಿಕ್ಕು ಮುಚ್ಚಿ ಉಳಿದದ್ದು ತೆರೆದಿದ್ದರೆ ಅದು ಬರೀ ಅಡ್ಡಿ ಅಂತ ಮೂವರು ನ್ಯಾಯಮೂರ್ತಿಗಳು ಅಂದರು. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಡೆನ್ಮನ್ ಒಬ್ಬರೇ ಒಪ್ಪಲಿಲ್ಲ. ಹಕ್ಕಿರುವ ದಾರಿಯಲ್ಲಿ ಹೋಗಲು ಬಿಡದೆ, ಬೇರೆ ಕಡೆ ಹೋಗಬಹುದಿತ್ತಲ್ಲ ಅಂದರೆ ಏನು ಪ್ರಯೋಜನ ಅಂತ ಕೇಳಿದರು. ನನ್ನ ಮನಸ್ಸು ಇವತ್ತಿಗೂ ಡೆನ್ಮನ್ ಕಡೆಗೇ. ಆದರೆ ನಿನ್ನ ಎದುರಿನ ವಕೀಲ ಎತ್ತಿ ತೋರಿಸುವುದು ಆ ಮೂವರ ಮಾತನ್ನು, ಅಲ್ವಾ?

ನಮ್ಮಲ್ಲಿ ಬರ್ಡ್‌ಗಿಂತ ಒಳ್ಳೆ ದಾರಿ ಇದೆ. 1860ರ ದಂಡ ಸಂಹಿತೆಯೇ ತಡೆ ಬೇರೆ, ಬಂಧನ ಬೇರೆ ಅಂತ 339, 340ನೇ ಕಲಮುಗಳಲ್ಲಿ ಬಿಡಿಸಿ ಇಟ್ಟಿತ್ತು. ಅದರ ಜಾಗಕ್ಕೆ ಬಂದಿರುವ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 126, 127. ಹೋಗುವ ಹಕ್ಕಿರುವ ಒಂದೇ ಒಂದು ದಿಕ್ಕನ್ನು ಬೇಕೆಂದೇ ಮುಚ್ಚಿದರೂ ಸಾಕು, ಅದು ಅಪರಾಧ. ಶಿಕ್ಷೆ ಕಡಿಮೆ, ಹೌದು. ಆದರೆ ಅದು ಆ ಹೆಂಗಸಿಗೆ ನಿಜವಾಗಿ ಆದದ್ದು.

ಹಾಗಾಗಿ ಮೊದಲು ಅವಳನ್ನು ಕೂರಿಸಿ ನಿಧಾನಕ್ಕೆ ಕೇಳು. ವಾಪಸ್ ಹೋಗಲು ಬಿಡುತ್ತಿದ್ದರಾ? ತಕ್ಕಡಿ, ಬುಟ್ಟಿ ಕಿತ್ತಿಟ್ಟುಕೊಂಡಿದ್ದರಾ? ಗೇಟಿನ ಎರಡೂ ಕಡೆ ಜನ ನಿಂತಿದ್ದರಾ? ಹಾಗೇನಾದರೂ ಇದ್ದರೆ ಬಂಧನ ಅನ್ನುವ ಮಾತಿಗೆ ಬಲ ಬರುತ್ತದೆ. ಇಲ್ಲದಿದ್ದರೆ ಆ ಪದ ಹೊಡೆದುಹಾಕಿ ಅಕ್ರಮ ತಡೆ ಅಂತಲೇ ಬರಿ, ಅವಳಿಗೆ ಅಲ್ಲಿ ಹೋಗುವ ಹಕ್ಕಿದೆ ಅಂತ ತೋರಿಸಲು ರಸ್ತೆ ಪಾಲಿಕೆಯದ್ದು ಅನ್ನುವ ದಾಖಲೆ ಜೊತೆಗಿಡು. ಸುಮ್ನೆ ದೊಡ್ಡ ಪದ ಹಾಕಿ ಅವಳ ಕೇಸು ಸೋಲಿಸಬೇಡ. ತಿದ್ದಿದ ಮೇಲೆ ಇನ್ನೊಂದು ಸಲ ಕಳಿಸು, ನೋಡಿಕೊಡುತ್ತೇನೆ.

ನಿನ್ನ ದೊಡ್ಡಪ್ಪ